ಗ್ಯಾಸಿನ ಡಬ್ಬಿ

ಹುಣಸೂರಿನ ನನ್ನ ಮೆಡಿಕಲ್ ಶಾಪಿಗೆ ಕಟ್ಟೆಮಳಲವಾಡಿಯಿಂದ ಬಂದ ಹೆಂಗಸೊಬ್ಬಳು, ಖಿನ್ನತೆಗೆಂದು ಡಾಕ್ಟರು ಬರೆದಿದ್ದ ಮಾತ್ರೆ ಕೊಂಡು, “ಗ್ಯಾಸ್ ಮಾತ್ರೆ ಡಬ್ಬಿಗೆ ಹಾಕ್ಕೊಡಿ ಅಣ್ಣ. ನಮ್ಮತ್ತೆಗೆ ಗೊತ್ತಾದ್ರೆ ಸೊಸೆಗೆ ತಲೆ ಕೆಟ್ಟದೆ ಅಂತಾರೆ” ಎಂದಳು. ಪಾಪ ಎನಿಸಿ ಹಾಕಿಕೊಟ್ಟೆ. ಗುಣ ಕಾಣಲು ಮೂರ್ನಾಲ್ಕು ವಾರ ಬೇಕು, ಡಾಕ್ಟರನ್ನು ಕೇಳದೆ ತಟ್ಟನೆ ನಿಲ್ಲಿಸಬಾರದು ಅಂತ ಭಾಷಣವನ್ನೂ ಬಿಗಿದೆ. ಡಬ್ಬಿಯ ವಿಚಾರದಲ್ಲಿ ಮಾತ್ರ ನನ್ನ ಬುದ್ಧಿ ಓಡಲಿಲ್ಲ.

ಎರಡು ತಿಂಗಳ ಮೇಲೆ ಅತ್ತೆಯೇ ಅದೇ ಡಬ್ಬಿ ಹಿಡಿದು ಬಂದರು. “ಇದನ್ನೇ ಕೊಡಪ್ಪ. ಎಂಟು ದಿನದಿಂದ ಸೊಸೆ ಡಬ್ಬೀಲಿ ಒಂದೊಂದು ತಕ್ಕೋತಾವ್ನಿ.”

ಆಕೆ ದಿನಾ ಮಂಡಿನೋವಿನ ಮಾತ್ರೆ ನುಂಗುವವರು, ಅದನ್ನು ಮಾರುವವನೂ ನಾನೇ. ಸೊಸೆಯ ಗುಟ್ಟು ಬಿಡದೆ, “ಇದು ನಿಮಗಾಗಲ್ಲಮ್ಮ. ಮಂಡಿ ಮಾತ್ರೆ ಜೊತೆ ಸೇರಿದ್ರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ನಿಮ್ಮ ಗ್ಯಾಸಿಗೆ ಬೇರೆ ಕೊಡ್ತೀನಿ” ಎಂದೆ.

“ನನಗೆಲ್ಲಪ್ಪ ಗ್ಯಾಸು? ವರ್ಷದಿಂದ ಮಂಕಾಗಿದ್ದೋಳು ಈಗ ನಗ್ತಾವ್ಳೆ. ಗ್ಯಾಸ್ ಹೋಗಿದ್ದಕ್ಕೆ ಯಾರಾದ್ರೂ ಅಂಗೆ ನಗ್ತಾರಾ? ನನಗೂ ಯಾಕೋ ಯಾವುದೂ ಬ್ಯಾಡ ಅನ್ನಿಸ್ತದೆ ಕಣಪ್ಪ.”

ಅವರನ್ನು ಸೊಸೆಯ ಡಾಕ್ಟರ ಹತ್ತಿರವೇ ಕಳಿಸಿದೆ. ವಾರದ ಮೇಲೆ ಚೀಟಿ ತಂದರು. ಮಂಡಿಯ ಮಾತ್ರೆ ಬದಲಾಗಿತ್ತು, ಅದರ ಕೆಳಗೆ ಸೊಸೆಯದೇ ಮಾತ್ರೆ.

“ಗ್ಯಾಸ್ ಡಬ್ಬಿಗೇ ಹಾಕ್ಕೊಡಪ್ಪ. ಸೊಸೆಗೆ ಗೊತ್ತಾಗೋದು ಬ್ಯಾಡ.”

ಹಿಂದಿನ ಕಪಾಟಿನ ತುಂಬ ಖಾಲಿ ಡಬ್ಬಿಗಳಿದ್ದವು. ಒಂದೂ ಇಲ್ಲ ಎಂದೆ.