ಒಂದು ಎಲೆಯಡಿಕೆ ಮುಗಿಯುವ ತನಕ

ಮೊನ್ನೆ ನನ್ನ ತವರು ಗಬ್ಬೂರಿನಿಂದ ಬಂದ ಮೇಲೆ ನೀವು ಮೊಮ್ಮಕ್ಕಳು ಕೇಳಿದಿರಿ, ಮುತ್ತಜ್ಜಿಗೆ ಎಡಗಣ್ಣು ಯಾಕೆ ಕಾಣುವುದಿಲ್ಲ ಎಂದು. ಹತ್ತಿ ಗಿಡದ ಒಣ ಕಟ್ಟಿಗೆ ಚುಚ್ಚಿತು ಎಂದು ನಿಮ್ಮಮ್ಮ ಹೇಳಿದಳು. ನಿಜ. ಆದರೆ ಅರ್ಧ ನಿಜ. (ಉಳಿದರ್ಧವನ್ನು ಎದುರಿಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಬರೆಯುವುದೇ ಸುಲಭ.)

ಆಗ ನಾವು ಮಾನ್ವಿಯಲ್ಲಿದ್ದೆವು. ನೀವು ನೋಡದ ನಿಮ್ಮ ಅಜ್ಜ ಟೆಲಿಫೋನ್ ಲೈನ್‌ಮನ್. ಫೋನ್ ಆಫೀಸಿನ ಹಿಂದೆಯೇ ನಮ್ಮ ಮನೆ. ರಾಯಚೂರಿಗೆ ಇದ್ದದ್ದು ಒಂದೇ ಲೈನು. ಅದು ಸತ್ತ ಕೂಡಲೇ ಆಪರೇಟರ್ ಖಾಜಾಸಾಬರು ನಮ್ಮ ಹಿತ್ತಲ ಬಾಗಿಲು ಬಡಿಯುವರು. ತಂತಿ ಎಲ್ಲಿ ಕೆಟ್ಟಿದೆ ಎಂದು ಹುಡುಕಲು ಅಜ್ಜ ಊಟದ ತಾಟು ಬಿಟ್ಟು ಸೈಕಲ್ ಹತ್ತುವರು. ಬಿಸಿಲಲ್ಲಿ ಪಕ್ಕದೂರು ನೀರಮಾನ್ವಿ ಮುಟ್ಟುವುದರೊಳಗೆ ಲೈನು ತಾನೇ ಬಂದಿರುತ್ತಿತ್ತು. ಒಂದೇ ವಾರದಲ್ಲಿ ಮೂರು ಸಲ ಹೀಗಾಯಿತು.

ಪರಗಂಡಸರೆದುರು ಬಾಯಿ ಬಿಡದ ನಾನು ಅವತ್ತು ಬಾಗಿಲ ಹಿಂದೆ ನಿಂತು ಹೇಳಿದೆ, “ಖಾಜಾಸಾಬ್ರ, ಲೈನ್ ಹೋದ ಕೂಡ್ಲೇ ಕರೀಬ್ಯಾಡ್ರಿ. ಒಂದು ಎಲಿ ಅಡಿಕಿ ಹಾಕ್ಕೊರ್ರಿ. ಅದು ಮುಗಿಯೋತನಾ ಬರ್ಲಿಲ್ಲಂದ್ರ ಕರೀರಿ.”

ಅವರು ನಕ್ಕರು. “ಸರ್ಕಾರದ ಕಾನೂನಿಗಿಂತ ನಿಮ್ಮ ಕಾನೂನು ಛಲೋ ಅದ ಬಿಡ್ರಿ ಅಕ್ಕಾರ.”

ಛಲೋನೇ ಇತ್ತು. ನಾಲ್ಕು ತಿಂಗಳು ಅಜ್ಜ ನೆಮ್ಮದಿಯಾಗಿ ಉಂಡರು. ನಿಜವಾಗಿ ಕೆಟ್ಟಾಗ ಮಾತ್ರ ಹೋದರು. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದವಳ ಕಾನೂನು ಒಂದು ಆಫೀಸಿನಲ್ಲಿ ನಡೆಯುವುದೆಂದರೆ ಕಡಿಮೆಯೇ?

ಐದನೇ ತಿಂಗಳು ಗಬ್ಬೂರಿನಲ್ಲಿ ಹತ್ತಿ ಕಟ್ಟಿಗೆ ಕೀಳುವಾಗ ಅದು ನನ್ನ ಅವ್ವನ, ಅಂದರೆ ನಿಮ್ಮ ಮುತ್ತಜ್ಜಿಯ, ಕಣ್ಣಿಗೆ ಚುಚ್ಚಿತು. ನನ್ನ ತಮ್ಮ ಅವಳನ್ನು ರಾಯಚೂರಿಗೆ, ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದ. ಇವತ್ತೇ ಆಪರೇಷನ್ ಆಗಬೇಕು ಎಂದರು ಡಾಕ್ಟರ್. ಅವ್ವ ಹಟ ಹಿಡಿದಳು, “ನನ್ನ ಮಗಳು ಬರೋತನಾ ಕಣ್ಣಿಗೆ ಕೈ ಹಚ್ಚಗೊಡೂದಿಲ್ಲ.” ಅವಳೊಬ್ಬಳನ್ನೇ ಬಿಟ್ಟು ನನ್ನನ್ನು ಕರೆಯಲು ಬರುವಂತಿರಲಿಲ್ಲ. ತಮ್ಮ ಮಾನ್ವಿಯ ಆಫೀಸಿಗೆ ಮತ್ತೆ ಮತ್ತೆ ಫೋನ್ ಹಚ್ಚಿದ. ಸುದ್ದಿ ಸಿಕ್ಕಿದ್ದರೆ ಎರಡು ತಾಸಿನಲ್ಲಿ ನಾನು ಅಲ್ಲಿರುತ್ತಿದ್ದೆ.

ಅವತ್ತು ಲೈನು ಸಾಯಲಿಲ್ಲ, ಬದುಕಲೂ ಇಲ್ಲ. ಹೋಗುವುದು, ಬರುವುದು. ಖಾಜಾಸಾಬರು ಎಲೆ ಬಾಯಿಗಿಡುವರು. ಅರ್ಧ ಆಗುವಷ್ಟರಲ್ಲಿ ಲೈನು ಬರುವುದು. ಉಗಿದು ಬಂದು “ಹಲೋ” ಎನ್ನುವಷ್ಟರಲ್ಲಿ ಮತ್ತೆ ಹೋಗುವುದು. ಮತ್ತೊಂದು ಎಲೆ. ಕಾಯುವುದು ಮತ್ತೆ ಮೊದಲಿನಿಂದ. ಗೋಡೆಯ ಈಚೆ ಅಜ್ಜ ಮನೆಯಲ್ಲೇ ಇದ್ದರು. ನಾನು ಜೋಳ ಹಸನು ಮಾಡುತ್ತಿದ್ದೆ. ಹೊತ್ತು ಮುಳುಗಿತು.

ಮರುದಿನ, ಸುದ್ದಿ ತಿಳಿದು ಬಂದಿದ್ದ ಊರಿನವರೊಬ್ಬರನ್ನು ಅವ್ವನ ಹತ್ತಿರ ಕೂರಿಸಿ, ತಮ್ಮನೇ ಮೊದಲ ಬಸ್ಸಿಗೆ ಬಂದ. ನಾವು ಮುಟ್ಟಿದಾಗ ಕಣ್ಣು ಕೀವುಗಟ್ಟಿತ್ತು. ನಿನ್ನೆಯೇ ಆಗಿದ್ದರೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರ್.

ಅಜ್ಜ ಲೈನಿನ ಗುಂಟ ಹೋಗಿ ನೋಡಿದಾಗ ಸಿಕ್ಕಿದ್ದು ಕಂಬದ ಮೇಲೆ ತಂತಿ ಹಿಡಿದಿಡುವ, ಒಡೆದ ಒಂದು ಪಿಂಗಾಣಿ ಕಪ್ಪು. ಗಾಳಿಗೆ ತಂತಿ ಕಂಬಕ್ಕೆ ತಗಲುತ್ತಿತ್ತು, ಬಿಡುತ್ತಿತ್ತು. ಅರ್ಧ ತಾಸಿನ ಕೆಲಸ.

“ಏಳು ಎಲಿ ಹಾಕ್ಕೊಂಡೆ ಅಕ್ಕಾರ. ಒಂದೂ ಮುಗೀಲಿಲ್ಲ,” ಎಂದರು ಖಾಜಾಸಾಬರು. ಅವರ ತಪ್ಪೇನಿತ್ತು? ನಾನು ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡಿದ್ದರು.

ಆಮೇಲೆ ಕಾನೂನು ತಿದ್ದಿದೆವು. ಲೈನು ಎರಡು ಸಲ ಹೋಗಿ ಬಂದರೂ ಸರಿ, ಕರೆಯಬೇಕು. ಅಜ್ಜ ಎಷ್ಟೋ ಸಲ ಸುಮ್ಮನೆ ಹೋಗಿ ಬಂದರು. ಆರಿದ ಪಲ್ಯ ಮತ್ತೆ ಬಿಸಿ ಮಾಡಿಕೊಟ್ಟೆ. ನಾನು ಗೊಣಗಲಿಲ್ಲ.

ಗಂಡನ ಊಟ ಕೆಡದಿರಲಿ ಎಂದು ತಡ ಮಾಡಿಸಿದವಳು ನಾನು. ಆ ತಡ ಯಾರ ಪಾಲಿಗೆ ಹೋಗುತ್ತದೆ ಎಂದು ಒಮ್ಮೆಯಾದರೂ ಕೇಳಿದ್ದೆನೇ?