ಪಿಶಾಚಿಗಳ ಹಲ್ಲು, ಅತ್ತೆಯ ಮೂಗು

ಹಲ್ಲಿನಕ್ಕನಿಗೆ ವಾಸನೆ ಗೊತ್ತಾಗುವುದಿಲ್ಲ. ಸೋಪಿನದೂ ಇಲ್ಲ, ಸೀಮೆಎಣ್ಣೆಯದೂ ಇಲ್ಲ, ಒಲೆಯ ಮೇಲೆ ಸೀದುಹೋದ ಹಾಲಿನದೂ ಇಲ್ಲ. ಹನ್ನೊಂದು ವರ್ಷದಿಂದ ಆಕೆಯ ಮೂಗು ಇರುವುದು ಉಸಿರಾಡುವುದಕ್ಕೆ ಮತ್ತು ಕನ್ನಡಕ ನಿಲ್ಲಿಸುವುದಕ್ಕೆ.

ಬೆಳಗಿನ ಐದೂಕಾಲು. ಅಡುಗೆಮನೆಯ ಕಟ್ಟೆಯ ಮೇಲೆ ಉಗುರುಬೆಚ್ಚಗಿನ ನೀರಿನ ಪಾತ್ರೆಯಿದೆ. ಅದರ ತಳದಲ್ಲಿರುವುದು ನೆನೆಹಾಕಿದ ಕಾಳಲ್ಲ, ಕೋರೆಹಲ್ಲು. ಆಕೆ ಚಿಮಟದಿಂದ ಒಂದು ಜೋಡಿಯನ್ನೆತ್ತಿ, ಬಿಳಿ ಬಟ್ಟೆಯಲ್ಲಿ ಒರೆಸಿ, ಎದುರಿಗೆ ಕುಳಿತ ಎಪ್ಪತ್ತನಾಲ್ಕು ವರ್ಷದ ಅತ್ತೆಯ ಅಂಗೈಗೆ ಹಾಕುತ್ತಾಳೆ. ಅತ್ತೆ ಕಣ್ಣು ಮುಚ್ಚಿ ಎರಡು ಸಲ ಸಣ್ಣಗೆ ಮೂಸುತ್ತಾರೆ. ಆಮೇಲೆ ಮೂಗು ತಿಳಿಯಾಗಲೆಂದು ತಮ್ಮದೇ ಮೊಣಕೈಯ ಮಡಿಕೆಯನ್ನು ಮೂಸಿ, ಮತ್ತೆ ಹಲ್ಲನ್ನು ಮೂಸುತ್ತಾರೆ.

"ಇದು ಆಯ್ತು. ಇದು... ಊಹೂಂ, ಇನ್ನೂ ಹಸಿ. ನೀರಿಗೆ ಹಾಕು."

"ನಿನ್ನೆಯಿಂದ ನೆನೆದಿದೆ ಅತ್ತೆ ಅದು."

"ಇನ್ನೊಂಚೂರು ನೆನೀಲಿ. ಮೂಗು ನಂದಾ, ನಿಂದಾ?"

"ನಿಮ್ದೇ."

"ಮತ್ತೆ ಸುಮ್ನಿರು."

ಇಂಥ ಹಲ್ಲುಗಳನ್ನು ಆರು ವರ್ಷ ವಾರಕ್ಕೊಮ್ಮೆ ಲಕ್ಷಾಂತರ ಜನ ನೋಡಿದ್ದಾರೆ. 'ಕೊಠಡಿ ಹನ್ನೆರಡು' ಎಂಬ ಟಿವಿ ಧಾರಾವಾಹಿಯಲ್ಲಿ ರಕ್ತಪಿಶಾಚಿಗಳನ್ನು ಬೇಟೆಯಾಡುವ ಒಂದು ಗುಪ್ತ ಸರ್ಕಾರಿ ದಳವಿದೆ. ತೂಕ ಮತ್ತು ಅಳತೆಯ ಇಲಾಖೆಯ ನೆಲಮಾಳಿಗೆಯಲ್ಲಿ ಅದರ ಕಚೇರಿ. ಕಾಗದದ ಮೇಲೆ ಅಂಥ ದಳವೇ ಇಲ್ಲ. ಆದರೂ ಒಂದು ಪಿಶಾಚಿಯನ್ನು ಮುಗಿಸಬೇಕಾದರೆ ದಳದ ಮುಖ್ಯಸ್ಥ ಮೂರು ಪ್ರತಿಯಲ್ಲಿ ಅರ್ಜಿ ತುಂಬಬೇಕು. ಸತ್ತ ಪಿಶಾಚಿ ಬೂದಿಯಾಗುತ್ತದೆ, ಎರಡು ಕೋರೆಹಲ್ಲು ಉಳಿಯುತ್ತವೆ. ಅವನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ನಂಬರು ಬರೆದು ಕಪಾಟಿಗೆ ಸೇರಿಸಬೇಕು. ಪಿಶಾಚಿಗಿಂತ ಆ ಅರ್ಜಿ ನೋಡುವ ಗುಮಾಸ್ತನಿಗೇ ಹೆಚ್ಚು ಹೆದರಿದೆವು ಎನ್ನುವ ಪ್ರೇಕ್ಷಕರಿದ್ದಾರೆ. ಬಾಯಲ್ಲಿರುವ ಹಲ್ಲು, ಲಕೋಟೆಯಲ್ಲಿರುವ ಹಲ್ಲು, ಎರಡೂ ಬಂದದ್ದು ಈ ಅಡುಗೆಮನೆಯಿಂದ. ಕಂತಿನ ಕೊನೆಗೆ ಓಡುವ ಹೆಸರುಗಳಲ್ಲಿ ಬೆಳಕಿನವರು, ಬಟ್ಟೆಯವರು, ಊಟದವರು ಎಲ್ಲರೂ ಇದ್ದಾರೆ. ಹಲ್ಲಿನವರು ಇಲ್ಲ.

ಕೆಲಸ ಕಷ್ಟದ್ದೇನಲ್ಲ, ತಾಳ್ಮೆಯದು ಎನ್ನುತ್ತಾಳೆ ಆಕೆ. ನಟನ ಬಾಯಿಯ ಅಚ್ಚು ತೆಗೆಯಬೇಕು. ಅದರ ಮೇಲೆ ಮೇಣದಲ್ಲಿ ಕೋರೆಯನ್ನು ತಿದ್ದಬೇಕು. ಪುಡಿಗೆ ದ್ರವ ಬೆರೆಸಿ, ಹಿಟ್ಟಿನಂತೆ ನಾದಿ, ಅಚ್ಚಿಗೆ ತುಂಬಿ ಗಟ್ಟಿ ಮಾಡಬೇಕು. ಆಮೇಲೆ ಉಜ್ಜಬೇಕು, ಬಣ್ಣ ಕೊಡಬೇಕು. ಬಣ್ಣದಲ್ಲಿ ಆಕೆಯದು ಹಟ. ನಾನೂರು ವರ್ಷದ ಪಿಶಾಚಿಗೆ ಹಾಲಿನಂಥ ಹಲ್ಲು ಹಾಕಲಾರಳು. "ಬಸ್ಸಲ್ಲಿ ಎದುರಿಗೆ ಕೂತೋರು ನಕ್ರೆ ನಾನು ಹಲ್ಲೇ ನೋಡೋದು. ಒಬ್ರು ನನ್ನ ಪರಿಚಯದೋಳು ಅಂದ್ಕೊಂಡು ಮದುವೆ ಕಾಗದಾನೇ ಕೊಟ್ಬಿಟ್ರು" ಎಂದು ನಗುತ್ತಾಳೆ.

ಆ ದ್ರವವೇ ಆಕೆಯ ಮೂಗನ್ನು ತಿಂದದ್ದು. ಹತ್ತೊಂಬತ್ತನೇ ವಯಸ್ಸಿಗೆ ಕಟ್ಟುಹಲ್ಲು ಮಾಡುವ ಕಾರ್ಖಾನೆಗೆ ಸೇರಿದಳು. ಕೋಣೆಗೆ ಒಂದೇ ಕಿಟಕಿ. ಧೂಳು ಪಕ್ಕದ ದವಾಖಾನೆಗೆ ಹೋಗುತ್ತದೆಂದು ಅದಕ್ಕೂ ಮೊಳೆ ಹೊಡೆದಿದ್ದರು. ಉಗುರುಬಣ್ಣದಂಥ ಘಾಟು ಇಡೀ ದಿನ ತಲೆಗೆ ಹೊಡೆಯುತ್ತಿತ್ತು. ಹದಿನೈದು ವರ್ಷ ಅಲ್ಲಿ ದುಡಿದಳು. ಒಂದು ಬೆಳಿಗ್ಗೆ ಒಲೆಯ ಮುಂದೆಯೇ ಕುಳಿತು ಮೇಣ ತಿದ್ದುತ್ತಿದ್ದಾಗ ಹಾಲು ಸೀದು ಪಾತ್ರೆ ಕರಕಲಾಯಿತು. ಅಂಗಳದಲ್ಲಿದ್ದ ಅತ್ತೆ ಓಡಿಬಂದರು.

"ಕಣ್ಣೆದುರಿಗೇ ಹೊಗೆ ಬರ್ತಿದೆ, ಈ ಮಹಾರಾಯ್ತಿ ಹಲ್ಲು ಕೆತ್ತುತ್ತಾ ಕೂತಿದ್ಳು. ಬೈದೆ. ಆಮೇಲೆ ಇವಳ ಮುಖ ನೋಡಿದೆ, ಬೈಯ್ಯೋದು ನಿಲ್ಸಿದೆ" ಎನ್ನುತ್ತಾರೆ ಅತ್ತೆ.

ನರ ಸತ್ತಿದೆ, ವಾಪಸು ಬರುವುದಿಲ್ಲ ಎಂದರು ಮೂಗಿನ ಡಾಕ್ಟರು. ಕಾರ್ಖಾನೆಯ ಮಾಲೀಕ ಅದೇ ವಾರ ಕೆಲಸ ಬಿಡಿಸಿದ. ಅವನ ಲೆಕ್ಕ ತಪ್ಪೇನಲ್ಲ. ಬೆಚ್ಚಗಿನ ನೀರಿನಲ್ಲಿ ನೆನೆಸಿದ ಮೇಲೂ ಹಲ್ಲಿನಲ್ಲಿ ಹಸಿ ದ್ರವ ಉಳಿದಿದ್ದರೆ ಒಸಡು ಸುಡುತ್ತದೆ, ಉಳಿದಿದೆಯೋ ಇಲ್ಲವೋ ಎಂದು ಹೇಳುವುದು ಮೂಗು. ಗಡಿಯಾರ ಹೇಳುವುದಿಲ್ಲ. ದಪ್ಪ ಹಲ್ಲಿಗೆ ಒಂದು ಹೊತ್ತು, ತೆಳು ಹಲ್ಲಿಗೆ ಒಂದು ಹೊತ್ತು, ಚಳಿಯಿದ್ದರೆ ಇನ್ನೊಂದು.

ಮೂರು ತಿಂಗಳು ಆಕೆ ಮನೆಯಲ್ಲಿ ಕುಳಿತಳು. ಗಂಡ ಲಾರಿ ಚಾಲಕ, ತಿಂಗಳಿಗೆ ಎರಡು ಸಲ ಮನೆ ಕಾಣುವವನು. ಕೊನೆಗೊಂದು ದಿನ ಪಕ್ಕದ ಬೀದಿಯ ಮುದುಕರೊಬ್ಬರು ಮುರಿದ ಕಟ್ಟುಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಆಗದು ಎಂದು ಆಕೆ ಕೈಯಾಡಿಸುವಷ್ಟರಲ್ಲಿ ಅತ್ತೆ, "ಮಾಡು. ಮೂಸೋದು ತಾನೆ, ನಾನು ಮೂಸ್ತೀನಿ" ಎಂದರು. ಆ ಮಾತಿನ ಮೇಲೆ ಹನ್ನೊಂದು ವರ್ಷದ ಸಂಸಾರ ನಿಂತಿದೆ.

ಧಾರಾವಾಹಿಯ ಮೇಕಪ್ಪಿನ ಮೇಸ್ತ್ರಿ ಆರು ವರ್ಷದ ಹಿಂದೆ ಒಂದೇ ಒಂದು ಜೋಡಿ ಬೇಕೆಂದು ಬಂದ. ಆಮೇಲೆ ಬರುವುದು ನಿಲ್ಲಲೇ ಇಲ್ಲ. ಲಕೋಟೆಗೆ ಹಾಕುವ ಹಲ್ಲಿಗೆ ಬೇಡಿಕೆ ಬಂದರೆ ಆ ವಾರ ಯಾರೋ ಸಾಯುತ್ತಾರೆ ಎಂದೇ ಅರ್ಥ. ಯಾರೆಂದು ಅಕ್ಕಪಕ್ಕದ ಹೆಂಗಸರು ಅತ್ತೆಯ ಬೆನ್ನು ಬೀಳುತ್ತಿದ್ದರು. ಅತ್ತೆ ಬಾಯಿ ಬಿಡುತ್ತಿರಲಿಲ್ಲ. "ಸರ್ಕಾರದ ಗುಟ್ಟಮ್ಮ, ಹೇಳಿದ್ರೆ ನನ್ನೂ ಲಕೋಟೆಗೆ ಹಾಕ್ತಾರೆ."

ಮೂರು ವರ್ಷದ ಹಿಂದೆ ಅತ್ತೆ ಮಗಳ ಮನೆಗೆ ಒಂದು ವಾರ ಹೋಗಿದ್ದರು. ಅವಸರದಲ್ಲಿ ಹಲ್ಲಿನಕ್ಕ ಗಡಿಯಾರ ನಂಬಿ ಒಂದು ಜೋಡಿ ಕಳಿಸಿದಳು. ಅದು ಪಿಶಾಚಿಗಳ ಹಿರಿಯನ ಹಲ್ಲು. ಆ ಪಾತ್ರ ಮಾಡುವ ವಯಸ್ಸಾದ ನಟನನ್ನು ಎಲ್ಲರೂ ಮುತ್ತಾತ ಎಂದೇ ಕರೆಯುತ್ತಾರೆ. ಒಂಬತ್ತು ಗಂಟೆ ಕಾಲ ಹಲ್ಲು ತೊಟ್ಟ ಆತನ ಒಸಡು ಬೊಬ್ಬೆ ಎದ್ದಿತು, ತುಟಿಯ ಒಳಗಿನ ಚರ್ಮ ಸುಲಿಯಿತು. ಎರಡು ದಿನ ಚಿತ್ರೀಕರಣ ನಿಂತಿತು. ಮೇಕಪ್ಪಿನ ಹುಡುಗಿ ಯಾವುದೋ ಔಷಧದಲ್ಲಿ ಹಲ್ಲು ತೊಳೆದಿರಬೇಕೆಂದು ನಿರ್ಮಾಣದ ಮ್ಯಾನೇಜರು ಅವಳನ್ನು ಕಳಿಸಿಬಿಡಲು ಹೊರಟಿದ್ದರು. ಹಲ್ಲಿನಕ್ಕ ಬಸ್ಸು ಹತ್ತಿ ಹೋಗಿ ಎಲ್ಲರೆದುರು, ತಪ್ಪು ನನ್ನದು, ನನಗೆ ವಾಸನೆಯೇ ಬರುವುದಿಲ್ಲ ಎಂದಳು. ಅಲ್ಲಿಯವರೆಗೆ ಆ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮ್ಯಾನೇಜರು ಬಾಗಿಲು ತೋರಿಸಿದರು. ಊದಿದ ತುಟಿಯ ಮುತ್ತಾತ ಕುರ್ಚಿಯಿಂದಲೇ ಕೇಳಿದ: "ಇವಳ್ನ ಕಳಿಸಿದ್ರೆ ನನ್ನ ಹಲ್ಲು ಯಾರು ಮಾಡ್ತಾರೆ? ನೀನು ಮಾಡ್ತೀಯಾ?"

ಅಂದಿನಿಂದ ಆತ ತನ್ನ ಹಲ್ಲನ್ನು ತಾನೂ ಒಂದು ಸಲ ಮೂಸದೆ ತೊಡುವುದಿಲ್ಲ. ಹಲ್ಲಿನಕ್ಕನ ಮನೆಯ ಗೋಡೆಗೆ ಗಾಳಿ ಹೊರಹಾಕುವ ಫ್ಯಾನು ಹಾಕಿಸಿಕೊಟ್ಟವನೂ ಅವನೇ. "ನನ್ನ ಮೂಗಿಗೆ ತಡವಾಗಿ ಬಂತು. ಅತ್ತೆ ಮೂಗಿಗೆ ಸರಿಯಾದ ಹೊತ್ತಿಗೆ ಬಂತು" ಎನ್ನುತ್ತಾಳೆ ಆಕೆ. ಫ್ಯಾನನ್ನು ವಾರಕ್ಕೊಮ್ಮೆ ಒರೆಸುತ್ತಾಳೆ.

ಕಳೆದ ತಿಂಗಳು ಧಾರಾವಾಹಿಯ ಕೊನೆಯ ಕಂತು. ಇಪ್ಪತ್ತೆರಡು ಪಿಶಾಚಿಗಳು ಒಟ್ಟಿಗೆ ಬಾಯಿ ತೆರೆಯುವ ದೃಶ್ಯ. ಗುರುವಾರ ಬೆಳಿಗ್ಗೆ ಏಳಕ್ಕೆ ಇಪ್ಪತ್ತೆರಡು ಜೋಡಿ ಹಲ್ಲು ಬೇಕು. ಮಂಗಳವಾರ ಅತ್ತೆ ಸೀನಿದರು. ಬುಧವಾರ ಮೂಗು ಕಟ್ಟಿತು.

ಅತ್ತೆ ಒಪ್ಪಿಕೊಳ್ಳಲಿಲ್ಲ. ಎಂದಿನಂತೆ ಕಣ್ಣು ಮುಚ್ಚಿ, ಮೊಣಕೈ ಮೂಸಿ, "ಆಯ್ತು, ಆಯ್ತು, ಇದೂ ಆಯ್ತು" ಎನ್ನುತ್ತಾ ಹೋದರು. ಹನ್ನೊಂದು ಜೋಡಿಯಲ್ಲಿ ಒಂದೂ ಹಸಿಯಿಲ್ಲ. ಹಲ್ಲಿನಕ್ಕನಿಗೆ ಅನುಮಾನ ಬಂತು. ಒಂದು ಹತ್ತಿಯ ಉಂಡೆಯನ್ನು ನೇರ ಆ ದ್ರವದಲ್ಲೇ ಅದ್ದಿ, ಬಟ್ಟೆಯಲ್ಲಿ ಸುತ್ತಿ ಅವರ ಮೂಗಿಗೆ ಹಿಡಿದಳು.

"ಶುದ್ಧವಾಗಿದೆ" ಎಂದರು ಅತ್ತೆ.

"ಅತ್ತೆ, ಇದು ಹಲ್ಲಲ್ಲ."

ಅತ್ತೆ ಕಣ್ಣು ಬಿಟ್ಟರು. "ನೀನು ಕೆಲಸ ಕಳ್ಕೋಬಾರ್ದು ಅಂತ ಕಣೇ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಪಕ್ಕದ ಮನೆಯ ಹುಡುಗಿಯನ್ನು ಕರೆದು ಮೂಸಿಸಿದರೆ ಅವಳಿಗೆ ಇಪ್ಪತ್ತೆರಡೂ ನಾತ. ಹೊಸ ಮೂಗಿಗೆ ಎಲ್ಲವೂ ಹಾಗೆಯೇ. ಹಲ್ಲಿನಕ್ಕ ಮ್ಯಾನೇಜರಿಗೆ ಫೋನು ಮಾಡಿ ಇದ್ದದ್ದು ಇದ್ದಹಾಗೆ ಹೇಳಿದಳು.

"ನಿಮ್ಮತ್ತೆ ನೆಗಡಿಗೆ ನಾನು ಶೂಟಿಂಗ್ ನಿಲ್ಸಬೇಕಾ? ಏಳಕ್ಕೆ ಹಲ್ಲು ಬರ್ಲಿಲ್ಲ ಅಂದ್ರೆ ಕಂಪ್ಯೂಟರಲ್ಲಿ ಹಾಕಿಸ್ತೀನಿ. ಮುಂದಿನ ಧಾರಾವಾಹಿಗೂ ಬರೋದು ಬೇಡ."

"ಮೂಸದೆ ಕಳಿಸಲ್ಲ ಸಾರ್."

ಫೋನಿಟ್ಟು ಆಕೆ ಇನ್ನೊಂದು ನಂಬರು ಒತ್ತಿದಳು.

ಗುರುವಾರ ಬೆಳಿಗ್ಗೆ ಐದಕ್ಕೆ ಬಾಗಿಲು ಬಡಿಯಿತು. ನಾನೂರು ವರ್ಷದ ರಕ್ತಪಿಶಾಚಿ ರಬ್ಬರ್ ಚಪ್ಪಲಿ ತೊಟ್ಟು ನಿಂತಿದ್ದ. ಅತ್ತೆ ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

"ನೀವೇನಾ ಅದು? ಟಿವೀಲಿ ಎತ್ತರ ಇದ್ರಿ."

"ಅಲ್ಲಿ ಹಲಗೆ ಮೇಲೆ ನಿಲ್ಲಿಸ್ತಾರಮ್ಮ."

"ಸ್ನಾನ ಮಾಡಿ ಬಂದ್ರಾ? ಸೋಪು ಹಚ್ಚಿದ ಕೈಯಲ್ಲಿ ಹಲ್ಲು ಮುಟ್ಟಬಾರ್ದು."

"ಮಾಡಿಲ್ಲ."

"ಒಳ್ಳೇದಾಯ್ತು. ಕೂತ್ಕೊಳ್ಳಿ. ಜೋರಾಗಿ ಎಳೀಬೇಡಿ, ಮಗು ತಲೆ ಮೂಸಿದ ಹಾಗೆ ಮೂಸಿ. ಮಧ್ಯೆ ಮಧ್ಯೆ ಮೊಣಕೈ."

ಒಂದು ಸಲ ಸುಟ್ಟುಕೊಂಡವನಿಗೆ ಆ ಘಾಟು ಮರೆಯುವುದಿಲ್ಲ. ಇಪ್ಪತ್ತೆರಡು ಜೋಡಿಯನ್ನೂ ಮೂಸಿದ ಮುತ್ತಾತ ಐದನ್ನು ಪಕ್ಕಕ್ಕಿಟ್ಟ. ಅದರಲ್ಲಿ ಮೂರು, ಹಿಂದಿನ ದಿನ ಅತ್ತೆ "ಆಯ್ತು" ಎಂದಿದ್ದವು. ಅತ್ತೆ ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

ಹದಿನೇಳು ಜೋಡಿ ಏಳಕ್ಕೆ ಮೊದಲೇ ಅವನ ಕಾರಿನಲ್ಲೇ ಹೋದವು. ಉಳಿದ ಐದು ಹನ್ನೊಂದಕ್ಕೆ ತಲುಪಿದವು. ಅಷ್ಟರವರೆಗೆ ಐದು ಪಿಶಾಚಿಗಳನ್ನು ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ನಿಲ್ಲಿಸಿ ನಿರ್ದೇಶಕರು ಕೆಲಸ ಸಾಗಿಸಿದರು. ಸಂಜೆ ಯಾರ ಒಸಡೂ ಕೆಂಪಾಗಿರಲಿಲ್ಲ. ಮೊದಲ ಸಲ ಹಲ್ಲು ತೊಟ್ಟಿದ್ದ ಎಳೆಯ ನಟಿಯೊಬ್ಬಳು ಮರುದಿನ ಫೋನು ಮಾಡಿ, ತೊಟ್ಟದ್ದೇ ಗೊತ್ತಾಗಲಿಲ್ಲ ಅಕ್ಕ ಎಂದಳಂತೆ. ಆರು ವರ್ಷದಲ್ಲಿ ಕೇಳಿದ ಮಾತುಗಳಲ್ಲಿ ಹಲ್ಲಿನಕ್ಕನಿಗೆ ಅದು ದೊಡ್ಡದು. "ಹಲ್ಲು ಚೆನ್ನಾಗಿದೆ ಅಂತ ಎಲ್ರೂ ಅಂತಾರೆ. ಗೊತ್ತಾಗ್ಲಿಲ್ಲ ಅಂದೋಳು ಇವಳೊಬ್ಳೇ."

ಮ್ಯಾನೇಜರಿಂದ ಹತ್ತು ದಿನ ಸುದ್ದಿಯಿಲ್ಲ. ಹನ್ನೊಂದನೆಯ ದಿನ ಅವರ ಫೋನು ಬಂತು. ಹಿಂದಿನ ಮಾತಿಗೆ ಕ್ಷಮೆ ಕೇಳಲಿಲ್ಲ. ಕೇಳಿದ್ದು ಒಂದೇ: "ನಿಮ್ಮತ್ತೆ ನೆಗಡಿ ಹೋಯ್ತಾ?"

"ಹೋಯ್ತು ಸಾರ್."

"ಸೋಮವಾರ ಬನ್ನಿ. ಹೊಸ ಧಾರಾವಾಹಿ, ಈ ಸಲ ತೋಳ."

ತೋಳಕ್ಕೆ ನಾಲ್ಕು ಕೋರೆ. ಅದೂ ದಪ್ಪ, ಘಾಟು ಬೇಗ ಹೋಗುವುದಿಲ್ಲ. ಮೂಸುವ ಕೆಲಸ ಎರಡರಷ್ಟಾಯಿತೆಂದು ಅತ್ತೆ ಗೊಣಗುತ್ತಾರೆ, ಆದರೆ ಈಗ ಸ್ವೆಟರು ತೊಡುತ್ತಾರೆ, ಚಳಿಯಲ್ಲಿ ಹೊರಗೆ ಹೋಗುವುದನ್ನೂ ಬಿಟ್ಟಿದ್ದಾರೆ. ಹೆಸರು ಹಾಕಿಸಿಕೊಳ್ಳುವ ಆಸೆ ಹಲ್ಲಿನಕ್ಕನಿಗಿಲ್ಲ. "ನಂಗೆ ಬೇಡ. ಹಾಕೋದಾದ್ರೆ ಇವರ್ದು ಹಾಕ್ಲಿ. ಮೂಗು: ಅತ್ತೆ, ಅಂತ. ಅಷ್ಟು ಸಾಕು."

"ಹಾಕ್ಲಿ. ಟಿವಿ ಮುಂದೆ ನನ್ನ ಮಗನ್ನ ಕೂರಿಸಿ ತೋರಿಸ್ತೀನಿ" ಎನ್ನುತ್ತಾರೆ ಅತ್ತೆ.

ಧಾರಾವಾಹಿ ಮುಗಿದ ಮೇಲೆ ಹಲ್ಲಿನ ಡಬ್ಬಿಗಳೆಲ್ಲ ಮನೆಗೆ ವಾಪಸು ಬಂದಿವೆ. ಅತ್ತೆ ಸೊಸೆ ಚಾಪೆ ಹಾಸಿ ಕುಳಿತು ಎಣಿಸಿದ್ದಾರೆ. ಆರು ವರ್ಷದಲ್ಲಿ ಮಾಡಿದ್ದು ಆರುನೂರ ನಲವತ್ತು ಜೋಡಿ. ನಾಲ್ಕು ಹಲ್ಲು ಹೊಡೆದಾಟದ ದೃಶ್ಯಗಳಲ್ಲಿ ಹಾರಿ ಸಿಗಲಿಲ್ಲ. ಎರಡನ್ನು ಯಾರೋ ನೆನಪಿಗೆಂದು ಜೇಬಿಗಿಳಿಸಿದರು. ಒಂದನ್ನು ಸತ್ತ ಪಿಶಾಚಿಯೊಬ್ಬ ನುಂಗಿಬಿಟ್ಟ, ಎರಡು ದಿನದ ಮೇಲೆ ತೊಳೆದು ತಂದುಕೊಟ್ಟಾಗ ಅತ್ತೆ ಮೂಸಲು ಒಪ್ಪಲಿಲ್ಲ, ಎಸೆಯಬೇಕಾಯಿತು.

ಒಟ್ಟು ಕಳೆದದ್ದು ಏಳು ಹಲ್ಲು, ಒಂದು ಮೂಗು.