ಗೇಟಿಗೆ ಅಂಟಿಸಿದ ಹಾಳೆ

ಕಳಸದ ಕಡೆಯ ಒಂದು ಗುಡ್ಡದ ಬುಡದಲ್ಲಿ ನನ್ನ ಪರಿಚಯದವರೊಬ್ಬರು ಟೀ ಅಂಗಡಿ ಇಟ್ಟಿದ್ದರು. ಗುಡ್ಡ ಹತ್ತುವ ಪ್ರವಾಸಿಗರ ಕಾಲಿಗೆ, ರಕ್ತ ಹೀರುವ ಇಂಬಳ ಕಚ್ಚದಂತೆ, ಹೊಗೆಸೊಪ್ಪು ನೆನೆಸಿದ ನೀರು ಹಚ್ಚುತ್ತಿದ್ದರು. ‘ಹೆದರ್ಬೇಡಿ ಮಾರಾಯ್ರೆ, ಅದಕ್ಕೂ ಹೊಟ್ಟೆ ಇದ್ಯಲ್ಲ’ ಎನ್ನುವುದು ಅವರ ಮಾಮೂಲಿ ಮಾತು.

ಬಿರುಗಾಳಿ ಮಳೆಗೆ ಗುಡ್ಡ ಕುಸಿದ ಮೇಲೆ ನಾನು ಹೋದಾಗ ಅಲ್ಲಿ ಒಬ್ಬ ಪ್ರವಾಸಿಯೂ ಇರಲಿಲ್ಲ. ಅವರೊಬ್ಬರೇ ಕತ್ತಿ ಹಿಡಿದು ದಾರಿಗೆ ಬಿದ್ದ ಮರಗಳ ಕೊಂಬೆಗಳನ್ನು ಸವರುತ್ತಿದ್ದರು.

‘ಅರ್ಧ ದಾರಿ ಬಿಡ್ಸಿದೀನಿ. ನೀವು ಓದಿದೋರು. ಫಾರೆಸ್ಟ್‌ನೋರು ಗುಡ್ಡದ ಗೇಟಿಗೆ ಇಂಗ್ಲಿಷಲ್ಲಿ ಏನೋ ಅಂಟ್ಸಿದಾರೆ, ದಾರಿ ಯಾವತ್ತು ತೆಗೀತಾರಂತೆ ನೋಡಿ.’

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಓದಿದೆ.

‘ಈ ದಾರಿ ಇನ್ನು ತೆಗೆಯೋದೇ ಇಲ್ವಂತೆ.’

ಅವರು ತಿರುಗಿ ಅಂಗಡಿಯತ್ತ ನೋಡಿದರು.

‘ಮೆಲ್ಲಗೆ ಹೇಳಿ. ನಾಳೆಯಿಂದ ಜನ ಬರ್ತಾರೆ ಅಂತ ನನ್ನ ಹೆಂಡ್ತಿ ಗ್ಲಾಸ್ ತೊಳೀತಿದಾಳೆ.’